ಹದಿನೈದನೆಯ ಪೀಪಾಯಿ

ಲೊಂ-ಲ-ಸೊನಿಯೆ
14 ಮಾರ್ಚ್ 1973

ಸೊಲಾಂಜ್,

ನೀನು ವೊರ್ನೆಗೆ ಬಂದು ಮನೆಯ ಬಾಗಿಲು ತೆರೆದಿದ್ದೀಯ ಎಂದು ಪಕ್ಕದ ಮನೆಯ ಬೆರ್ಥೊ ಇಲ್ಲಿಯವರೆಗೆ ಬಂದು ಹೇಳಿಹೋದ. ರೋಗಿಯನ್ನು ನೋಡಲು ಬಂದವನ ಮುಖ ಅವನದಾಗಿರಲಿಲ್ಲ, ಜಮೀನು ನೋಡಲು ಬಂದವನ ಮುಖ. ನಾನು ಸತ್ತರೆ ನಮ್ಮ ದ್ರಾಕ್ಷಿ ತೋಟವನ್ನೂ ನೆಲಮಾಳಿಗೆಯನ್ನೂ ಕೊಂಡುಕೊಳ್ಳಬೇಕೆಂದು ಹತ್ತು ವರ್ಷದಿಂದ ಕಾದಿದ್ದಾನೆ. ಮುರಿದದ್ದು ಕಾಲು ಮಾತ್ರ ಎಂದು ತಿಳಿದು, ಪಾಪ, ತುಂಬ ಬೇಸರಪಟ್ಟುಕೊಂಡ.

ಹನ್ನೊಂದು ವರ್ಷದ ಮೇಲೆ ಮಗಳು ತವರಿಗೆ ಬಂದಳೆಂದು ನಾನು ಕುಣಿದಾಡುತ್ತೇನೆ ಅಂದುಕೊಳ್ಳಬೇಡ. ಕುಣಿಯಲು ನನಗೆ ಕಾಲಿಲ್ಲ. ನಿನ್ನನ್ನು ಕರೆಸಿದ್ದು ಬೇರೆ ಯಾರೂ ಸಿಗಲಿಲ್ಲವೆಂದು.

ಈ ಆರೈಕೆ ಮನೆಯ ಕನ್ಯಾಸ್ತ್ರೀಯರು ಊಟಕ್ಕೆ ಕೊಡುವ ಸೂಪನ್ನು ಕುಡಿಯಬೇಕೋ ಅದರಲ್ಲಿ ಕಾಲು ತೊಳೆಯಬೇಕೋ ತಿಳಿಯುವುದಿಲ್ಲ. ನಿನ್ನೆ ವೈನ್ ಕೇಳಿದೆ. ನೀರು ಬೆರೆಸಿದ ಕೆಂಪು ನೀರನ್ನು ತಂದಿಟ್ಟರು. "ಏನ್ ತಾಯಿ ಇದು, ಯಾರಾದ್ರೂ ಪೇಂಟ್ ಬ್ರಷ್ ತೊಳೆದ್ರಾ?" ಅಂದೆ. "ದೇವ್ರು ಕೊಟ್ಟಿದ್ದನ್ನ ಹೀಗ್ ಅನ್ಬಾರ್ದು ಬೊರ್ನಿಯೆಯವ್ರೇ" ಅಂದಳು. ದೇವರಿಗೆ ಇದರಲ್ಲಿ ಕೈವಾಡವಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಈಗ ಕೆಲಸದ ಮಾತು. ನೆಲಮಾಳಿಗೆಯ ಬೀಗದ ಕೈ ಅಡುಗೆಮನೆಯ ಗಡಿಯಾರದ ಹೊಟ್ಟೆಯಲ್ಲಿದೆ. ಮುಂದಿನ ಕೋಣೆಯಲ್ಲಿರುವುದು ಶಾರ್ದೊನೆ, ಸಾಧಾರಣ ಬಿಳಿ ವೈನ್. ಮರ ಕುಡಿದಷ್ಟನ್ನು ತಿಂಗಳಿಗೊಮ್ಮೆ ಬಿರಡೆಯವರೆಗೆ ತುಂಬಿಸಬೇಕು. ಫೆಬ್ರವರಿ ಹನ್ನೊಂದರಂದು ಹದಿನೈದು ಪೀಪಾಯಿಗಳನ್ನೂ ನಾನೇ ತುಂಬಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಅದರ ಮರುದಿನವೇ ಮೆಟ್ಟಿಲಿನಿಂದ ಬಿದ್ದದ್ದು.

ಹಿಂದಿನ ಕೋಣೆಗೆ ಮಾತ್ರ ನಾನು ಹೇಳುವವರೆಗೆ ಕಾಲಿಡಬೇಡ. ಅಲ್ಲಿ ನಿನ್ನಮ್ಮನ ಪೀಪಾಯಿ ಇದೆ. 1967ರ ಸವಾನ್ಯಾಂ ದ್ರಾಕ್ಷಿ, ಅವಳು ಕೊನೆಯ ಸಲ ಕೊಯ್ದದ್ದು. ಬರುವ ಜನವರಿಗೆ ಆರು ವರ್ಷ ಮೂರು ತಿಂಗಳು ತುಂಬುತ್ತದೆ. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು, ತುಂಬಿಸಬಾರದು. ಮರ ಕುಡಿಯಲಿ, ಗಾಳಿ ಕುಡಿಯಲಿ. ಮೇಲೆ ಖಾಲಿಯಾದ ಜಾಗದಲ್ಲಿ ಕೆನೆ ಕಟ್ಟುತ್ತದೆ. ಹಳದಿ ವೈನನ್ನು ಮಾಡುವುದು ಆ ಕೆನೆ, ನಾವಲ್ಲ. ಮೇಲಿನಿಂದ ವೈನ್ ಸುರಿದರೆ ಅದು ಒಡೆದು ಮುಳುಗುತ್ತದೆ, ಆರು ವರ್ಷ ಮಣ್ಣುಪಾಲು. ಇದೆಲ್ಲ ನಿನಗೆ ಗೊತ್ತಿತ್ತು. ಆದರೆ ಬೋರ್ಡೋದವರಿಗೆ ಪೀಪಾಯಿಯಲ್ಲಿ ಒಂದು ಬೆರಳು ಖಾಲಿ ಕಂಡರೂ ಜ್ವರ ಬರುತ್ತದಂತೆ, ಹನ್ನೊಂದು ವರ್ಷ ಅವರ ನಡುವೆ ಇದ್ದ ನಿನಗೂ ಆ ಜ್ವರ ಅಂಟಿರಬಹುದು. ಅದಕ್ಕೆ ಹೇಳುತ್ತಿದ್ದೇನೆ.

ನಿನ್ನ ಅಪ್ಪ,
ಎಮಿಲಿಯಾನ್ ಬೊರ್ನಿಯೆ


ವೊರ್ನೆ
19 ಮಾರ್ಚ್ 1973

ಅಪ್ಪಾ,

ಕಾಗದ ತಲುಪಿತು. ಮಗಳು ಹೇಗಿದ್ದೀಯ ಎಂದು ಕೇಳುವ ಒಂದು ಸಾಲೂ ಅದರಲ್ಲಿಲ್ಲದ್ದು ನೋಡಿ ನೀನು ಪೂರ್ತಿ ಆರೋಗ್ಯವಾಗಿದ್ದೀಯ ಎಂದು ಖಾತ್ರಿಯಾಯಿತು.

ನಿನ್ನ ಮನೆಯ ಸಮಾಚಾರ. ಕಾಫಿ ಪುಡಿ ಮಾಡುವ ಯಂತ್ರದೊಳಗೆ ಇಲಿ ಮರಿ ಹಾಕಿತ್ತು. ಗೋಡೆಯ ಕ್ಯಾಲೆಂಡರು 1967ರ ಡಿಸೆಂಬರಿನಲ್ಲೇ ನಿಂತಿದೆ. ಅಮ್ಮನ ಏಪ್ರನ್ ಬಾಗಿಲ ಹಿಂದೆ ಹಾಗೇ ನೇತಾಡುತ್ತಿದೆ. ಇಡೀ ಮನೆಯನ್ನು ತೊಳೆದೆ. ಏಪ್ರನ್ ಒಂದನ್ನು ಬಿಟ್ಟೆ.

ಬೆರ್ಥೊ ಇಲ್ಲಿಗೂ ಬಂದಿದ್ದ, ಚೀಸ್ ಹಿಡಿದುಕೊಂಡು. "ಏನಮ್ಮಾ ಸೊಲಾಂಜ್, ಒಬ್ಳೇ ಎಷ್ಟು ದಿನ ಅಂತ ಹೆಣಗ್ತೀಯ? ನಿಮ್ಮಪ್ಪಂಗೆ ವಯಸ್ಸಾಯ್ತು, ಹೆಣ್ಮಗ್ಳಿಗೆ ಯಾಕೆ ಈ ಗೋಳು?" ಅಂದ. "ನಿಮ್ಗೂ ವಯಸ್ಸಾಯ್ತಲ್ಲ ಬೆರ್ಥೊ, ನಿಮ್ ತೋಟ ನಾವೇ ತಗೊಳ್ಳೋಣ್ವಾ?" ಅಂದೆ. ಚೀಸನ್ನು ವಾಪಸು ತೆಗೆದುಕೊಂಡು ಹೋದ.

ಶಾರ್ದೊನೆ ಪೀಪಾಯಿಗಳನ್ನು ತುಂಬಿಸಿದೆ. ಅವು ಹದಿನಾಲ್ಕು, ಹದಿನೈದಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಮಾಡಿದಳು ಎನ್ನಬೇಡ. ನಾನು ಬಂದದ್ದು ನಿನ್ನ ಕಾಲಿಗೋಸ್ಕರ ಅಲ್ಲ. ಈ ನೆಲಮಾಳಿಗೆ ನನಗೆ ಬೇಕು. ಹನ್ನೊಂದು ವರ್ಷದಿಂದ ಬೇರೆಯವರ ಪೀಪಾಯಿ ತೊಳೆದು ನನ್ನ ಕೈ ಸವೆದಿದೆ. ನಿನ್ನ ಅಳಿಯ ಗಿಲ್ಬೆರ್ ಕೂಡ ಅಲ್ಲಿನ ಕೆಲಸ ಬಿಟ್ಟು ಬರಲು ಒಪ್ಪಿದ್ದಾನೆ. ಅವನು ನಿನ್ನ ಬಗ್ಗೆ ಒಂದೇ ಒಂದು ಕೆಟ್ಟ ಮಾತನ್ನೂ ಆಡುವುದಿಲ್ಲ. ಆ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ.

ಸೊಲಾಂಜ್


ಲೊಂ-ಲ-ಸೊನಿಯೆ
24 ಮಾರ್ಚ್ 1973

ಸೊಲಾಂಜ್,

ಹದಿನೈದು. ಎಣಿಸಲು ಕಲಿ. ಕೈಬೆರಳು ಸಾಲದಿದ್ದರೆ ಕಾಲಿನದನ್ನೂ ಸೇರಿಸಿಕೋ.

ನಿನ್ನ ಗಂಡ ಬರಲು ಒಪ್ಪಿದ್ದಾನಂತೆ! ಮಹಾರಾಜರ ಒಪ್ಪಿಗೆಗೆ ನಾವೆಲ್ಲ ಕೈಮುಗಿದು ನಿಂತಿದ್ದೆವು ನೋಡು. ನಿಮ್ಮ ನಿಶ್ಚಿತಾರ್ಥದ ಊಟಕ್ಕೆ ನಾನು ನನ್ನಪ್ಪನ ಕಾಲದ ಹಳದಿ ವೈನ್ ತೆಗೆದಿದ್ದೆ. ನಿನ್ನಮ್ಮ ಹುಂಜವನ್ನು ಅದೇ ವೈನಿನಲ್ಲಿ ಅಣಬೆ ಹಾಕಿ ಬೇಯಿಸಿದ್ದಳು. ಆ ಮಹಾನುಭಾವ ಲೋಟವನ್ನು ಮೂಸಿ, ನನ್ನ ಮೇಜಿನಲ್ಲಿ, ನನ್ನ ಮುಖ ನೋಡಿಕೊಂಡು ಏನಂದ? "ಮಾವ, ಇದು ಕೆಟ್ಟೋಗಿದೆ ಅನ್ಸುತ್ತೆ." ಅಕ್ರೋಟು, ಒಲೆಯ ಹೊಗೆ, ಹಳೆಯ ಚೀಸಿನ ಸಿಪ್ಪೆ ಎಲ್ಲ ಒಂದೇ ಗುಟುಕಿನಲ್ಲಿ ಬರುವ ವೈನ್! ಬೋರ್ಡೋದಿಂದ ಬಂದವುಗಳಲ್ಲಿ ಬಳ್ಳಿಗೆ ಸಿಂಪಡಿಸುವ ಆ ನೀಲಿ ದ್ರಾವಣವೊಂದೇ ಕೆಲಸಕ್ಕೆ ಬರುವಂಥದ್ದು.

ಆದರೂ ನೀನು ಮುಖಕ್ಕೆ ಹೇಳಿದ್ದೀಯ, ನಾನೂ ಮುಖಕ್ಕೆ ಹೇಳುತ್ತೇನೆ. ಬೆರ್ಥೊನ ಕರಾರುಪತ್ರ ನನ್ನ ದಿಂಬಿನ ಕೆಳಗಿದೆ, ಸಹಿಯೊಂದು ಬಾಕಿ. ಜನವರಿಯಲ್ಲಿ ಅಮ್ಮನ ಪೀಪಾಯಿ ತೆರೆಯೋಣ. ಅಲ್ಲಿಯವರೆಗೆ ತೋಟವೂ ನೆಲಮಾಳಿಗೆಯೂ ನೆಟ್ಟಗಿದ್ದರೆ ಕರಾರುಪತ್ರವನ್ನು ಒಲೆಗೆ ಹಾಕಿ ಬೀಗದ ಕೈ ನಿನಗೆ ಕೊಡುತ್ತೇನೆ.

ನಮ್ಮ ನಿಯಮ ನಿನಗೆ ಗೊತ್ತು, ನೂರು ಸಲ ಕೇಳಿದ್ದೀಯ, ಇನ್ನೊಂದು ಸಲ ಕೇಳು. ತುಂಬಿಸಬಾರದ ಪೀಪಾಯಿಯನ್ನು ತುಂಬಿಸಿದವರ ಕೈಯಲ್ಲಿ ಮತ್ತೆ ಬೀಗದ ಕೈ ಇರುವುದಿಲ್ಲ. 1938ರಲ್ಲಿ ನನ್ನಪ್ಪ ಒಕ್ತಾವ್, ತಲೆ ಮಂಜಾಗಿ, ಹಳದಿ ವೈನಿನ ಪೀಪಾಯಿಯೊಂದನ್ನು ಕಂಠಪೂರ್ತಿ ತುಂಬಿಸಿಬಿಟ್ಟ. ಅವತ್ತೇ ಅವನ ಜೇಬಿನಿಂದ ಬೀಗದ ಕೈ ತೆಗೆದುಕೊಂಡೆ. "ಕೊಡಪ್ಪ, ಇನ್ಮೇಲೆ ನಿಂಗೆ ಇಲ್ಲಿ ಕೆಲ್ಸ ಇಲ್ಲ" ಅಂದೆ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಟ್ಟೆ. ಎರಡು ಚಳಿಗಾಲ ಅಲ್ಲೇ ಕೂತ, ಆಮೇಲೆ ಹೋದ. ಊರಿನವರು ಏನೇನೋ ಅಂದರು. ನಾನು ಮಾಡಿದ್ದು ಸರಿ. ನೆಲಮಾಳಿಗೆಗೆ ಅಪ್ಪ ಮಗ ಗೊತ್ತಿಲ್ಲ.

ಹಿಂದಿನ ಕೋಣೆಗೆ ಈಗ ಹೋಗಬಹುದು, ಒಂದೇ ಸಲ. ಬಿರಡೆ ತೆಗೆಯಬೇಡ. ಗೆಣ್ಣಿನಿಂದ ತಟ್ಟಿ, ಸದ್ದು ಹೇಗೆ ಬಂತು ಎಂದು ಬರೆ. ಮೂರನೆಯ ಒಂದು ಪಾಲು ಖಾಲಿಯಾದ ಪೀಪಾಯಿ ಡೋಲಿನ ಹಾಗೆ ಮಾತಾಡಬೇಕು. ಈ ಹಾಸಿಗೆಯಲ್ಲಿ ಬಿದ್ದುಕೊಂಡು ನನಗೆ ಕೇಳಬೇಕೆನಿಸುವುದು ಅದೊಂದೇ ಸದ್ದು.

ಅಪ್ಪ


ವೊರ್ನೆ
16 ಏಪ್ರಿಲ್ 1973

ಗಿಲ್ಬೆರ್,

ಇದನ್ನು ಓದಿ ಹರಿದುಹಾಕು.

ಅಪ್ಪನ ಕಾಗದ ಬಂದ ಮೇಲೂ ಮೂರು ವಾರ ಹಿಂದಿನ ಕೋಣೆಗೆ ಹೋಗಲು ಪುರುಸೊತ್ತಾಗಲಿಲ್ಲ. ಬಳ್ಳಿಗಳನ್ನು ಬಗ್ಗಿಸಿ ಕಟ್ಟುವ ಕೆಲಸವಿತ್ತು. ಇವತ್ತು ಹೋದೆ. ಅಮ್ಮನ ಪೀಪಾಯಿ ಮೂಲೆಯಲ್ಲಿ ಧೂಳು ಹೊದ್ದು ಕೂತಿತ್ತು. ಗೆಣ್ಣಿನಿಂದ ತಟ್ಟಿದೆ. ಗೋಡೆ ತಟ್ಟಿದ ಹಾಗಾಯಿತು. ಇನ್ನೂ ಮೇಲೆ ತಟ್ಟಿದೆ, ಅಲ್ಲೂ ಹಾಗೇ. ಅವನ ಅಪ್ಪಣೆ ಮೀರಿ ಬಿರಡೆ ತೆಗೆದು ಬೆರಳು ಇಳಿಸಿದೆ. ಉಗುರು ಮುಳುಗುವಷ್ಟರಲ್ಲೇ ವೈನ್ ಸಿಕ್ಕಿತು. ಬೆರಳಿಗೆ ಕೆನೆಯ ಚೂರುಗಳು ಅಂಟಿಕೊಂಡು ಬಂದವು.

ಯಾರೋ ಬೇಕೆಂದೇ ಮಾಡಿದರು ಅಂದುಕೊಂಡೆ. ಬೆರ್ಥೊನ ಕುತ್ತಿಗೆ ಹಿಡಿಯಲು ಹೊರಟಿದ್ದೆ. ಆಗ ಬಿರಡೆಯ ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಕಂಡಿತು. ಶಿಲುಬೆ, ಅದರ ಕಾಲಿಗೊಂದು ಕೊಕ್ಕೆ. ಹಾಗೆ ಬರೆಯುವವನು ಪ್ರಪಂಚದಲ್ಲಿ ಒಬ್ಬನೇ. ಮುಂದಿನ ಕೋಣೆಯ ಹದಿನಾಲ್ಕರ ಮೇಲೂ ಅದೇ ಗುರುತು ಇದೆ.

ಹದಿನೈದು ತುಂಬಿಸಿದೆ ಎಂದು ಬರೆದಿದ್ದನಲ್ಲ. ಎಣಿಕೆ ಸರಿಯಾಗಿಯೇ ಇತ್ತು. ಅವನು ಸುಳ್ಳು ಹೇಳುತ್ತಿಲ್ಲ ಗಿಲ್ಬೆರ್. ತಾನು ಮಾಡಿದ್ದು ಅವನಿಗೆ ಗೊತ್ತೇ ಇಲ್ಲ.

ಈಗ ನಾನು ಒಂದು ಸಾಲು ಬರೆದರೆ ಸಾಕು. ಅವನದೇ ನಿಯಮ, ಅವನದೇ ಕೈಬರಹ. ಬೀಗದ ಕೈ ನಾಳೆಯೇ ನಮ್ಮದು. ಹನ್ನೊಂದು ವರ್ಷ ಆ ಮನುಷ್ಯನನ್ನು ಬೈದುಕೊಂಡೇ ಬದುಕಿದ್ದೇನೆ. ನಿನ್ನನ್ನು ಮೇಜಿನಿಂದ ಎಬ್ಬಿಸಿ ಕಳಿಸಿದ್ದಕ್ಕೆ, ಅಮ್ಮನ ಕಾಯಿಲೆಯನ್ನು ನನಗೆ ತಿಳಿಸದೆ ಸಾವನ್ನು ಮಾತ್ರ ತಿಳಿಸಿದ್ದಕ್ಕೆ. ಇಂಥ ಒಂದು ದಿನಕ್ಕೆಂದು ಮನಸ್ಸಿನಲ್ಲೇ ಎಷ್ಟು ಸಲ ಉತ್ತರ ಬರೆದುಕೊಂಡಿದ್ದೆನೋ. ಈಗ ಪೆನ್ನು ಹಿಡಿದರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ನನಗೆ ಅಜ್ಜನ ಕುರ್ಚಿ ನೆನಪಿದೆ. ನನಗಾಗ ನಾಲ್ಕು ವರ್ಷ, ಅವನ ತೊಡೆಯ ಮೇಲೆ ಕೂರುತ್ತಿದ್ದೆ. ಕುರ್ಚಿಯಿದ್ದ ಉತ್ತರದ ಗೋಡೆಗೆ ಬಿಸಿಲೇ ಬರುತ್ತಿರಲಿಲ್ಲ, ಅವನ ಕೈ ಕಲ್ಲಿನ ಹಾಗೆ ತಣ್ಣಗಿರುತ್ತಿತ್ತು. ನೆಲಮಾಳಿಗೆಯಿಂದ ಯಾರಾದರೂ ಹೊರಬಂದರೆ ಅವರ ತೋಳು ಹಿಡಿದು ಬಟ್ಟೆಯನ್ನು ಮೂಸುತ್ತಿದ್ದ. ಒಂದು ಸಲ ಅಪ್ಪನ ತೋಳನ್ನೂ ಹಿಡಿದ. ಅಪ್ಪ ಬಿಡಿಸಿಕೊಂಡು ಹೋದ.

ಆ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಲು ನನ್ನಿಂದಾಗುವುದಿಲ್ಲ. ಅವನ ಮೇಲೆ ಪ್ರೀತಿ ಉಕ್ಕಿ ಬಂತೆಂದು ತಿಳಿಯಬೇಡ. ಅವನ ಹಾಗೆ ಆಗಲು ಮನಸ್ಸಿಲ್ಲ, ಅಷ್ಟೇ. ಗುರುತನ್ನು ತೋಳಿನಿಂದ ಒರೆಸಿದೆ.

ನೀನು ಬಂದು ಸಹಾಯ ಮಾಡುತ್ತೇನೆ ಎಂದು ಹೊರಡಬೇಡ. ನಿನ್ನನ್ನು ಕಂಡರೆ ಅವನ ಇನ್ನೊಂದು ಕಾಲೂ ಮುರಿಯುತ್ತದೆ.

ನಿನ್ನ
ಸೊಲಾಂಜ್


ವೊರ್ನೆ
17 ಏಪ್ರಿಲ್ 1973

ಅಪ್ಪಾ,

ತಟ್ಟಿದೆ. ಡೋಲಿನ ಹಾಗೆ ಬಂತು. ಎಣಿಸಲೂ ಕಲಿತೆ, ಹದಿನೈದೇ.

ಸೊಲಾಂಜ್


ಲೊಂ-ಲ-ಸೊನಿಯೆ
27 ಏಪ್ರಿಲ್ 1973

ಸೊಲಾಂಜ್,

ನಿನ್ನ ಕಾಗದ ಎರಡು ಸಾಲಿನದು. ಆದರೂ ಇಲ್ಲಿಗೆ ಬಂದ ಮೇಲೆ ನಾನು ಓದಿದ ಒಳ್ಳೆಯ ಕಾಗದ ಅದೊಂದೇ. ಪಕ್ಕದ ಹಾಸಿಗೆಯ ನಿವೃತ್ತ ಪೋಸ್ಟ್‌ಮಾಸ್ತರನಿಗೂ ಓದಿ ಹೇಳಿದೆ. "ಪೀಪಾಯಿ ತಟ್ಟಿದ್ರೆ ಸದ್ದು ಬರುತ್ತೆ, ಅದ್ರಲ್ಲೇನ್ ವಿಶೇಷ?" ಅಂದ. ನಲವತ್ತು ವರ್ಷ ಬೇರೆಯವರ ಕಾಗದ ಹಂಚಿದವನಿಗೆ ಅಷ್ಟೇ ತಿಳಿಯುವುದು.

ಆ ವರ್ಷದ ಕೊಯ್ಲು ನೀನು ನೋಡಲಿಲ್ಲ. ಅಕ್ಟೋಬರ್ ಕೊನೆ, ಬೆಳಗಿನ ಇಬ್ಬನಿ ಹೆಪ್ಪುಗಟ್ಟಿತ್ತು. ನಿನ್ನಮ್ಮ ಕೆಮ್ಮುತ್ತಲೇ ಕೊಯ್ಯುತ್ತಿದ್ದಳು. "ಸಾಕು, ಮನೆಗ್ ಹೋಗು" ಅಂದೆ. "ನೀನ್ ಸುಮ್ನಿರು, ನಿನ್ ಸಾಲಲ್ಲಿ ಗೊಂಚಲು ಬಿಟ್ಕೊಂಡು ಬರ್ತಿದೀಯ, ಹಿಂದೆ ನೋಡು" ಅಂದಳು. ಹಿಂದೆ ನೋಡಿದೆ. ನಿಜವಾಗಿಯೂ ಬಿಟ್ಟುಬಂದಿದ್ದೆ. ಡಿಸೆಂಬರಿನಲ್ಲಿ ಅವಳು ಹೋದಳು. ಕಾಯಿಲೆಯೆಂದು ನಿನಗೆ ಬರೆಯಬೇಡ ಎಂದು ಹೇಳಿದವಳು ಅವಳೇ. "ಅವ್ಳಿಗೆ ಹೇಳ್ಬೇಡ, ಓಡ್ಬರ್ತಾಳೆ, ನೀವಿಬ್ರೂ ನನ್ ಮಂಚದ್ ಹತ್ರಾನೂ ಜಗಳಾಡ್ತೀರ" ಅಂದಳು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಸೂಪಿನಲ್ಲಿ ಏನಾದರೂ ಬೆರೆಸಿರಬೇಕು.

ಬೀಗದ ಕೈ ನಿನಗೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೇನೆ. ತಲೆಗೆ ಏರಿಸಿಕೊಳ್ಳಬೇಡ.

ಅಪ್ಪ


ಲೊಂ-ಲ-ಸೊನಿಯೆ
24 ಜೂನ್ 1973

ಸೊಲಾಂಜ್,

ಎರಡು ತಿಂಗಳಲ್ಲಿ ನಿನ್ನಿಂದ ಬಂದದ್ದು ಮೂರು ಚೀಟಿ, ಮೂರರಲ್ಲೂ ಹವಾಮಾನ. ಆಕಾಶ ನನಗೂ ಕಾಣುತ್ತದೆ, ಕಿಟಕಿ ಇದೆ.

ಜುಲೈ ಹದಿನಾಲ್ಕರ ಹಬ್ಬ ಕಳೆದ ಮೇಲೆ ಮನೆಗೆ ಹೋಗಬಹುದು ಎಂದರು ಡಾಕ್ಟರು. ಮೊದಲು ಹಿಂದಿನ ಕೋಣೆಗೆ ಹೋಗುತ್ತೇನೆ, ಆಮೇಲೆ ಮಿಕ್ಕದ್ದು. ಆ ಸದ್ದನ್ನು ನಾನೇ ಕೇಳಬೇಕು.

ಅಪ್ಪ


ವೊರ್ನೆ
30 ಜೂನ್ 1973

ಅಪ್ಪಾ,

ನೀನು ಬರುವ ಮುಂಚೆ ಇದನ್ನು ಬರೆಯಬೇಕು. ಅಮ್ಮನ ಪೀಪಾಯಿಯನ್ನು ನಾನು ತುಂಬಿಸಿಬಿಟ್ಟೆ.

ಮೇ ತಿಂಗಳಲ್ಲಿ. ಶಾರ್ದೊನೆ ತುಂಬಿಸುವ ದಿನ ಬಳ್ಳಿಯ ಕೆಲಸದಿಂದ ದಣಿದಿದ್ದೆ. ಮುಂದಿನ ಕೋಣೆ ಮುಗಿಸಿ ಕ್ಯಾನು ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋದೆ. ಬೋರ್ಡೋದಲ್ಲಿ ಹನ್ನೊಂದು ವರ್ಷ ಇದೇ ಕೆಲಸ, ಖಾಲಿ ಕಂಡರೆ ಕೈ ತಾನಾಗಿಯೇ ಸುರಿಯುತ್ತದೆ. ಅದೇ ಶಾರ್ದೊನೆಯನ್ನೇ ಸುರಿದೆ. ಎಪ್ಪತ್ತು ಲೀಟರಿನಷ್ಟು ಹಿಡಿಯಿತು. ಬುದ್ಧಿ ಬರುವ ಹೊತ್ತಿಗೆ ಮುಗಿದಿತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸುವ ಜಾತಿಯವನಲ್ಲ, ನಾನು ಕೇಳುವ ಜಾತಿಯವಳಲ್ಲ.

ಸೊಲಾಂಜ್


ಲೊಂ-ಲ-ಸೊನಿಯೆ
4 ಜುಲೈ 1973

ಸೊಲಾಂಜ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎಲ್ಲಾದರೂ ಇದು ತಮಾಷೆ ಎಂದು ಬರೆದಿರಬಹುದೇ ಎಂದು ಹುಡುಕಿದೆ.

ನಿನ್ನಜ್ಜನಿಗೆ ಎಂಬತ್ತರ ಹತ್ತಿರ ವಯಸ್ಸು, ತಲೆ ಮಂಜು. ಅವನಿಗಾದರೂ ಒಂದು ನೆಪವಿತ್ತು. ನಿನಗೇನು ಬಂದಿತ್ತು? ಮೂವತ್ತೆಂಟು ವರ್ಷ, ಎರಡು ಕಣ್ಣು, ಎರಡು ಕೈ. ಕೈ ತಾನಾಗಿಯೇ ಸುರಿಯಿತಂತೆ! ಎಪ್ಪತ್ತು ಲೀಟರು ಒಂದೇ ಕ್ಯಾನಿನಲ್ಲಿ ಬರುವುದಿಲ್ಲ ಮಗಳೇ. ಏಳೆಂಟು ಸಲ ಹೋಗಿ ಬಂದಿದ್ದೀಯ. ಏಳು ಸಲವೂ ತಲೆಯನ್ನು ಎಲ್ಲಿ ಅಡವಿಟ್ಟಿದ್ದೆ? ದನ ಕೂಡ ಎರಡನೆಯ ಸಲಕ್ಕೆ ನಿಂತು ಯೋಚಿಸುತ್ತದೆ.

ನಿನ್ನಮ್ಮ ಜ್ವರದಲ್ಲಿ ನಿಂತು ಕೊಯ್ದ ಹಣ್ಣು ಅದು. ಅದರ ಮೇಲೆ ನೀನು ಬಾಟಲಿಗೆ ಎರಡೂವರೆ ಫ್ರಾಂಕಿನ ಶಾರ್ದೊನೆ ಸುರಿದೆ. ಹಳದಿ ವೈನನ್ನು ಕೆಟ್ಟಿದೆ ಎಂದವನನ್ನು ಕಟ್ಟಿಕೊಂಡೆ, ಈಗ ಅವನ ಮಾತನ್ನು ನಿಜ ಮಾಡಿ ತೋರಿಸಿದೆ. ನಿಮ್ಮಿಬ್ಬರ ಜೋಡಿ ಚೆನ್ನಾಗಿದೆ.

ಬೆಳಗ್ಗೆ ಆ ಕನ್ಯಾಸ್ತ್ರೀ ಬಂದು "ಯಾಕೆ ಬೊರ್ನಿಯೆಯವ್ರೇ, ಸೂಪು ಮುಟ್ಟೇ ಇಲ್ಲ?" ಎಂದು ಕೇಳಿದಳು. ನಾನು ಬೈಯಲಿಲ್ಲ. ಹೆದರಿ ಡಾಕ್ಟರನ್ನು ಕರೆಸಿದಳು.

ನಿಯಮ ಗೊತ್ತಲ್ಲ. ಬೀಗದ ಕೈಯನ್ನು ಗಡಿಯಾರದಲ್ಲಿಟ್ಟು, ನಾನು ಬರುವ ಮುಂಚೆ ಹೊರಟುಹೋಗು. ನಿನ್ನ ಮುಖ ಅಲ್ಲಿರಬಾರದು. ಅಜ್ಜನಿಗೆ ಹಾಕಿಕೊಟ್ಟಂತೆ ನಿನಗೂ ಕುರ್ಚಿ ಹಾಕುತ್ತೇನೆ ಎಂದುಕೊಳ್ಳಬೇಡ. ನಿನಗೆ ಕುರ್ಚಿಯೂ ದಂಡ.

ಎ. ಬೊರ್ನಿಯೆ


ವೊರ್ನೆ
10 ಜುಲೈ 1973

ಗಿಲ್ಬೆರ್,

ಗುರುವಾರ ಸಂಜೆಯ ರೈಲಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಬಾ. ಏನೂ ಕೇಳಬೇಡ.

ನಂಬಿಬಿಟ್ಟ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಗಳು ಹಾಗೆ ಮಾಡುವವಳಲ್ಲ ಎಂದು ಒಂದು ಕ್ಷಣಕ್ಕೂ ಅವನಿಗೆ ಅನಿಸಲಿಲ್ಲ. ನಾನೇ ನಂಬಿಸಲು ಹೊರಟವಳು, ನಂಬಿದನೆಂದು ಅತ್ತೆ. ನೋಡು, ಎಂಥ ಪೆದ್ದಿ.

ಬೀಗದ ಕೈಯನ್ನು ಗಡಿಯಾರದಲ್ಲಿಟ್ಟಿದ್ದೇನೆ. ಏಪ್ರನ್ನನ್ನು ಮಾತ್ರ ಜೊತೆಗೆ ತರುತ್ತಿದ್ದೇನೆ.

ಸೊಲಾಂಜ್


ವೊರ್ನೆ
2 ಸೆಪ್ಟೆಂಬರ್ 1973

ಸೊಲಾಂಜ್,

ಈ ಪೊಟ್ಟಣದಲ್ಲಿ ನನ್ನ ಉಣ್ಣೆಯ ಕಾಲುಚೀಲವಿದೆ. ಒಗೆದದ್ದೇ, ಮೂಗು ಮುರಿಯಬೇಡ. ಅದರೊಳಗಿರುವುದನ್ನು ಆಮೇಲೆ ತೆಗೆ, ಮೊದಲು ಓದು.

ನಿನ್ನಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ಸುಳ್ಳು ಹೇಳಲಿಕ್ಕೂ ಒಂದು ನಾಲಿಗೆ ಬೇಕು. ಅದು ನಿನಗಿಲ್ಲ.

ಮನೆಗೆ ಬಂದು ಆರು ವಾರ ಆ ಪೀಪಾಯಿಯ ಹತ್ತಿರ ಹೋಗಲಿಲ್ಲ. ಮುಖ ನೋಡಲು ಮನಸ್ಸಾಗಲಿಲ್ಲ. ಬೆರ್ಥೊ ದಿನಕ್ಕೆರಡು ಸಲ ಬಂದು, "ಸಹಿ ಹಾಕ್ಬಿಡು ಎಮಿಲಿಯಾನ್, ಹಗುರಾಗ್ತೀಯ" ಎಂದು ತಲೆ ತಿನ್ನುತ್ತಿದ್ದ. ಮೊನ್ನೆ ಸರಿ ಅಂದೆ. ಮಾರುವ ಮುಂಚೆ ಎಲ್ಲ ಪೀಪಾಯಿಗಳ ರುಚಿ ನೋಡಬೇಕು, ಅದು ಪದ್ಧತಿ. ಊರುಗೋಲು ಊರಿಕೊಂಡು ಹಿಂದಿನ ಕೋಣೆಗೆ ಹೋದೆ. ಬಿರಡೆ ತೆಗೆದು ಒಂದು ಲೋಟ ಎಳೆದು ಬಾಯಿಗಿಟ್ಟೆ.

ಶಾರ್ದೊನೆ ಎಂದು ಬರೆದಿದ್ದೆಯಲ್ಲ. ಮುರಿದದ್ದು ನನ್ನ ಕಾಲು, ನಾಲಿಗೆಯಲ್ಲ. ಅದರಲ್ಲಿ ಒಂದು ತೊಟ್ಟು ಶಾರ್ದೊನೆ ಇಲ್ಲ. ಸುರಿದಿರುವುದು 1970ರ ಸವಾನ್ಯಾಂ. ಅಂಥದ್ದು ಈ ಊರಿನಲ್ಲಿ ಒಂದೇ ಕಡೆ ಇತ್ತು.

ಈಗ ಒಂದು ವಿಷಯ ಹೇಳುತ್ತೇನೆ, ನಿನ್ನ ಗಂಡನ ಕಿವಿಗೆ ಬಿದ್ದರೆ ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ಹಿಂದಿನ ಕೋಣೆಯ ಹಲಗೆಗಳ ಹಿಂದೆ ನನ್ನದೊಂದು ಚಿಕ್ಕ ಪೀಪಾಯಿ ಇದೆ. ನಿನ್ನಮ್ಮ ಹೋದ ಮೇಲೆ ಇಟ್ಟುಕೊಂಡದ್ದು, ಯಾರಿಗೂ ಗೊತ್ತಿಲ್ಲ. ಅದರ ಸವಾನ್ಯಾಂಗೆ ಕೆನೆ ಕಟ್ಟಲು ಬಿಡದೆ ವಾರವಾರ ತುಂಬಿಸುತ್ತಿದ್ದೆ. ಹೌದು, ಬೋರ್ಡೋದವರ ಥರ. ಊಟಕ್ಕೆ ಒಂದು ಲೋಟ, ಒಬ್ಬನೇ, ಬಾಗಿಲು ಹಾಕಿಕೊಂಡು. ತಿಳಿಯಾಗಿರುತ್ತದೆ, ಹಣ್ಣಿನ ರುಚಿ ಇರುತ್ತದೆ. ನನಗೆ ಇಷ್ಟ. ಹನ್ನೊಂದು ವರ್ಷ ಅವನನ್ನು ಯಾವುದಕ್ಕೆ ಬೈದೆನೋ ಅದನ್ನೇ ಕದ್ದು ಕುಡಿಯುತ್ತಿದ್ದೆ.

ಹಲಗೆ ಸರಿಸಿ ನೋಡಿದೆ. ಚಿಕ್ಕ ಪೀಪಾಯಿ ಖಾಲಿ.

ವಾರವಾರ ಅದರ ಮುಂದೆ ನಿಂತು ತುಂಬಿಸಿದ ಕೈ, ಒಂದು ದಿನ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಯಿತು. ಚಿಕ್ಕದನ್ನು ಖಾಲಿ ಮಾಡಿ ದೊಡ್ಡದಕ್ಕೆ ಸುರಿದಿದ್ದೇನೆ. ಏಳೆಂಟು ಸಲ. ದನ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ನನಗೇ ಓದಿಕೊಂಡೆ.

ಒಂದೂ ನೆನಪಿಲ್ಲ ಸೊಲಾಂಜ್. ನೆನಪಿದ್ದಿದ್ದರೆ ಏನಾದರೂ ವಾದ ಹೂಡುತ್ತಿದ್ದೆ. ಮುಂದಿನ ಕೋಣೆಗೆ ಹೋಗಿ ಶಾರ್ದೊನೆ ಎಣಿಸಿದೆ. ಹದಿನಾಲ್ಕು. ಇನ್ನೊಮ್ಮೆ ಎಣಿಸಿದೆ. ಬೆರ್ಥೊ ಬಾಗಿಲಲ್ಲಿ ಕರಾರುಪತ್ರ ಹಿಡಿದು ನಿಂತು, "ಏನ್ ಎಮಿಲಿಯಾನ್, ಲೆಕ್ಕ ಸರಿ ಹೋಗ್ತಿಲ್ವಾ?" ಅಂದ. "ಈಗ ಸರಿ ಹೋಯ್ತು. ನೀನ್ ಮನೆಗ್ ಹೋಗು" ಅಂದೆ. ಆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ಒಲೆ ಹಚ್ಚಿದೆ. ಅವನ ಹಾಗೆಯೇ ಬರೀ ಹೊಗೆ, ಬೆಂಕಿಯಿಲ್ಲ.

ನನ್ನ ಗುರುತು ಅಲ್ಲಿರಬೇಕಿತ್ತು, ಇರಲಿಲ್ಲ. ಧೂಳಿನ ನಡುವೆ ಒಂದು ತೋಳಿನಷ್ಟು ಜಾಗ ಸ್ವಚ್ಛವಾಗಿತ್ತು. ಒರೆಸುವುದನ್ನೂ ನೆಟ್ಟಗೆ ಕಲಿಯಲಿಲ್ಲ ನೀನು.

ಹೀಗಾಗಿ ನನ್ನ ತೀರ್ಮಾನ. ತುಂಬಿಸಬಾರದ ಪೀಪಾಯಿಯನ್ನು ತುಂಬಿಸಿದವನ ಕೈಯಲ್ಲಿ ಬೀಗದ ಕೈ ಇರಬಾರದು. ಅಪ್ಪನಿಗೊಂದು ನಿಯಮ ನನಗೊಂದು ನಿಯಮ ಇಲ್ಲ. ಕಾಲುಚೀಲದೊಳಗೆ ಕೈ ಹಾಕು.

ಧನ್ಯವಾದ, ಅಪ್ಪಾ, ಕಣ್ಣೀರು ಎಂದೆಲ್ಲ ಬರೆದು ಕಳಿಸಿದರೆ ಓದದೆ ಬೆರ್ಥೊನ ಕಾಗದದ ದಾರಿ ತೋರಿಸುತ್ತೇನೆ. ಕೊಯ್ಲಿಗೆ ಇನ್ನು ಒಂದೂವರೆ ತಿಂಗಳಿದೆ. ಅಕ್ಟೋಬರ್ ಹತ್ತರೊಳಗೆ ಬಾ, ಅವನನ್ನೂ ಕರೆದುಕೊಂಡು ಬಾ. ಬುಟ್ಟಿ ಹೊರಲು ನಾಲಿಗೆ ಬೇಕಾಗುವುದಿಲ್ಲ.

ಅಮ್ಮನ ಪೀಪಾಯಿಯನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಅದು ಹಳದಿ ವೈನ್ ಅಲ್ಲ, ಬಿಳಿಯದೂ ಅಲ್ಲ, ಯಾವ ಹೆಸರಿನಲ್ಲೂ ಮಾರುವ ಹಾಗಿಲ್ಲ. ಕುಡಿಯಲು ಚೆನ್ನಾಗಿದೆ. ನಾವು ಮೂವರೇ ಕುಡಿದು ಮುಗಿಸಬೇಕು. ಅವನು ಮೂಸಿ ನೋಡಿ ಏನಾದರೂ ಅಂದರೆ ಅನ್ನಲಿ.

ಇನ್ನೊಂದು ಕೆಲಸ. ಅಟ್ಟದಲ್ಲಿ ಅಜ್ಜನ ಕುರ್ಚಿ ಇದೆ, ಹತ್ತಿ ಇಳಿಸಲು ನನ್ನ ಕಾಲು ಬಿಡುವುದಿಲ್ಲ. ನೀನು ಬಂದ ಮೇಲೆ ಅದನ್ನು ಇಳಿಸಿ ನೆಲಮಾಳಿಗೆಯ ಹೊರಗೆ ಹಾಕು. ದಕ್ಷಿಣದ ಗೋಡೆಗೆ ಹಾಕು, ಅಲ್ಲಿ ಬಿಸಿಲು ಬರುತ್ತದೆ. ನಾನು ಅಪ್ಪನಿಗೆ ಉತ್ತರಕ್ಕೆ ಹಾಕಿದ್ದೆ. ನೀನು ಒಳಗಿನಿಂದ ಹೊರಬಂದಾಗ ನಾನು ನಿನ್ನ ತೋಳು ಹಿಡಿದರೆ, ಬಿಡಿಸಿಕೊಳ್ಳದೆ ಒಂದು ನಿಮಿಷ ನಿಲ್ಲು.

ನಿನ್ನ ಅಪ್ಪ